ಸಹಿ ಹಾಕುವ ಮುನ್ನ: ಕೆಲಸ ಹೋದವರ ಭತ್ಯೆಯ ಲೆಕ್ಕ

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದ ಗಾರ್ಮೆಂಟ್ ಹೆಣ್ಣುಮಕ್ಕಳನ್ನು ಯಾವ ಪಕ್ಷವೂ ಕರೆದಿರಲಿಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಸುದ್ದಿ ಬಾಯಿಂದ ಬಾಯಿಗೆ, ಕಾರ್ಖಾನೆಯಿಂದ ಕಾರ್ಖಾನೆಗೆ ಹಬ್ಬಿತು. ಬೊಮ್ಮನಹಳ್ಳಿಯ ಕಡೆ ಶುರುವಾದದ್ದು ಮರುದಿನ ತುಮಕೂರು ರಸ್ತೆಯನ್ನೂ ನಿಲ್ಲಿಸಿತು. ವಾಹನಗಳು ಉರಿದವು, ಪೊಲೀಸರು ಲಾಠಿ ಬೀಸಿದರು, 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಊರಿನವರಿಗೆ ಆ ಎರಡು ದಿನ ನೆನಪಿರುವುದು ಟ್ರಾಫಿಕ್ ಜಾಮಿನ ಲೆಕ್ಕದಲ್ಲಿ. ಅಲ್ಲಿ ನಿಂತಿದ್ದವರಿಗೆ ಅದು ಮನೆ ಬಾಡಿಗೆಯ ಪ್ರಶ್ನೆ. ಗಾರ್ಮೆಂಟ್ ಕೆಲಸ ಐವತ್ತೆಂಟರವರೆಗೆ ಇರುವಂಥದ್ದಲ್ಲ. ನಲವತ್ತು ದಾಟುವಷ್ಟರಲ್ಲಿ ಕಣ್ಣು, ಬೆನ್ನು ಎರಡೂ ಸೋತಿರುತ್ತವೆ. ಅದಕ್ಕೂ ಮೊದಲೇ ಆರ್ಡರ್ ಇಲ್ಲ ಎಂದೋ, ಟಾರ್ಗೆಟ್ ಮುಟ್ಟಲಿಲ್ಲ ಎಂದೋ ಕಳಿಸಿಬಿಡುತ್ತಾರೆ. ಹಾಗೆ ಹೊರಬಿದ್ದಾಗ ಮುಂದಿನ ಕೆಲಸ ಸಿಗುವವರೆಗೆ ಮನೆ ನಡೆಸಲು ಪಿಎಫ್ ದುಡ್ಡು ಬಿಟ್ಟರೆ ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಅದು ಅವರದೇ ಉಳಿತಾಯ, ಮುಪ್ಪಿಗೆ ಇಟ್ಟುಕೊಂಡದ್ದು. ಕೆಲಸ ಕಳೆದುಕೊಂಡ ತಪ್ಪಿಗೆ ಮುಪ್ಪಿನ ಗಂಟನ್ನು ಬಿಚ್ಚಿ ತಿನ್ನಬೇಕಾದ ಸ್ಥಿತಿ. ಅದಕ್ಕೂ ಬೀಗ ಹಾಕುತ್ತೇವೆ ಎಂದಾಗ ಅವರು ಬೀದಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನನ್ನು ಕಾಡುವುದು ಬೇರೆ ವಿಷಯ. ಅದೇ ಪೇ ಸ್ಲಿಪ್ಪಿನಲ್ಲಿ, ಪಿಎಫ್ ಕಡಿತದ ಪಕ್ಕದಲ್ಲೇ, ಇಎಸ್‌ಐ ಎಂಬ ಇನ್ನೊಂದು ಸಣ್ಣ ಕಡಿತ ಇರುತ್ತದೆ. ಆಸ್ಪತ್ರೆಗೆಂದು ಕಟ್ಟುವ ದುಡ್ಡು ಎಂದೇ ಬಹುತೇಕರ ತಿಳುವಳಿಕೆ. ಕೆಲಸ ಹೋದವರಿಗೆ ಭತ್ಯೆ ಕೊಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಇರುವುದು ಅದರೊಳಗೇ. 2005ರಿಂದಲೂ ಇದೆ. ಹತ್ತಾರು ವರ್ಷ ವಂತಿಗೆ ಕಟ್ಟಿದವರಲ್ಲಿ ಅದರ ಹೆಸರು ಕೇಳಿದವರು ಸಿಗುವುದೇ ಅಪರೂಪ. ಕೇಳಿದವರು ಕೂಡ ಅರ್ಜಿ ಹಾಕುವ ಹೊತ್ತಿಗೆ ಅರ್ಹತೆ ಕಳೆದುಕೊಂಡಿರುತ್ತಾರೆ. ಬಹಳಷ್ಟು ಸಲ ಅದನ್ನು ಕಳೆದುಕೊಳ್ಳುವುದು ಕೆಲಸದ ಕೊನೆಯ ದಿನ, ಎಚ್‌ಆರ್ ಕೋಣೆಯಲ್ಲಿ, ಒಂದು ಸಹಿಯಿಂದ.

ಮೊದಲು ಈ ವಿಮೆ ಏನೆಂದು ನೋಡೋಣ. ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ 1948ರದು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಜಾರಿಗೆ ಬಂತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲರಿಗೆ ಮಿತಿ 25,000. 2019ರ ಜುಲೈಯಿಂದ ಕಾರ್ಮಿಕರ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ತಿಂಗಳಿಗೆ 13,000 ರೂಪಾಯಿ ದುಡಿಯುವ ಟೈಲರ್ ಒಬ್ಬಳ ಸಂಬಳದಲ್ಲಿ ಹಿಡಿಯುವುದು ನೂರು ರೂಪಾಯಿಗೂ ಕಡಿಮೆ. ಮಾಲೀಕರು ಕಟ್ಟುವುದು ನಾನೂರ ಇಪ್ಪತ್ತು ಚಿಲ್ಲರೆ. ವಂತಿಗೆ ಚಿಕ್ಕದು ನಿಜ, ಆದರೆ ಅದು ಹಕ್ಕು ತಂದುಕೊಡುವ ವಂತಿಗೆ. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಇಎಸ್‌ಐ ಶಾಖಾ ಕಚೇರಿಯ ಕೌಂಟರಿನ ಮುಂದೆ ಕೈಕಟ್ಟಿ ನಿಂತು ‘ಏನಾದ್ರೂ ಸಹಾಯ ಮಾಡಿ ಸಾರ್’ ಎನ್ನುವವರನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ವಿಮೆ ಕಟ್ಟಿದವರು ಕೇಳುವುದು ಸಹಾಯವಲ್ಲ, ಸಲ್ಲಬೇಕಾದದ್ದು.

ಈ ವಿಮೆಯಡಿ ಕೆಲಸ ಹೋದವರಿಗೆಂದೇ ಎರಡು ಯೋಜನೆಗಳಿವೆ. ಹಳೆಯದು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2005ರ ಏಪ್ರಿಲ್ 1ರಿಂದ ಶುರುವಾದದ್ದು. ಕಾರ್ಖಾನೆ ಮುಚ್ಚಿದರೆ, ರಿಟ್ರೆಂಚ್‌ಮೆಂಟ್ (ಶಿಕ್ಷೆಯಾಗಿ ಅಲ್ಲದೆ ಮಾಲೀಕರೇ ಕೆಲಸದಿಂದ ತೆಗೆಯುವುದು) ಆದರೆ ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಪೆಟ್ಟಿನಿಂದ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದು ಕೆಲಸ ಹೋದರೆ ಇದು ಸಿಗುತ್ತದೆ. ಕೆಲವು ವರ್ಷ ವಂತಿಗೆ ಕಟ್ಟಿರಬೇಕು. ಮೊದಲ ಹನ್ನೆರಡು ತಿಂಗಳು ಸರಾಸರಿ ಸಂಬಳದ ಅರ್ಧ, ಮುಂದಿನ ಹನ್ನೆರಡು ತಿಂಗಳು ಕಾಲು ಭಾಗ. ಭತ್ಯೆ ಬರುವಷ್ಟು ಕಾಲ ಮನೆಮಂದಿಗೆಲ್ಲ ಇಎಸ್‌ಐ ಚಿಕಿತ್ಸೆಯೂ ಉಂಟು.

ಎರಡನೆಯದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈ 1ರಂದು ಎರಡು ವರ್ಷದ ಪ್ರಯೋಗವೆಂದು ಆರಂಭವಾಯಿತು. ಆಗ ಕೊಡುತ್ತಿದ್ದದ್ದು ದಿನದ ಸರಾಸರಿ ಗಳಿಕೆಯ ಕಾಲು ಭಾಗ ಮಾತ್ರ, ಅದೂ ಜೀವಮಾನದಲ್ಲಿ ಒಟ್ಟು 90 ದಿನಕ್ಕೆ. ಕೋವಿಡ್ ಬಂದು ಲಕ್ಷಾಂತರ ಜನ ಊರಿಗೆ ನಡೆದದ್ದನ್ನು ನೋಡಿದ ಮೇಲೆ, 2020ರ ಆಗಸ್ಟ್‌ನಲ್ಲಿ ಇಎಸ್‌ಐ ನಿಗಮ ನಿಯಮಗಳನ್ನು ಸಡಿಲಿಸಿತು. ಕಾಲು ಭಾಗ ಅರ್ಧವಾಯಿತು. ಕೆಲಸ ಹೋಗಿ 90 ದಿನ ಕಾಯಬೇಕಿದ್ದದ್ದು 30 ದಿನಕ್ಕಿಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿ ಹಳೆಯ ಮಾಲೀಕರ ಕೈಯಿಂದ ಬರಬೇಕು ಎಂಬ ಷರತ್ತು ಹೋಯಿತು. ಕಾರ್ಮಿಕರೇ ನೇರವಾಗಿ ಅರ್ಜಿ ಹಾಕಬಹುದು. ತೆಗೆದುಹಾಕಿದವನ ಬಳಿಯೇ ಹೋಗಿ ಭತ್ಯೆಗೆ ಶಿಫಾರಸು ಕೇಳಬೇಕು ಎಂಬ ನಿಯಮವನ್ನು ಬರೆದವರಿಗೆ ಕಾರ್ಖಾನೆಯ ಗೇಟು ಹೇಗಿರುತ್ತದೆ ಎಂಬುದು ತಿಳಿದಿರಲಿಲ್ಲವೆಂದೇ ನಾನು ಭಾವಿಸುತ್ತೇನೆ. ಯೋಜನೆ ಅಂದಿನಿಂದ ವಿಸ್ತರಣೆಯ ಮೇಲೆ ವಿಸ್ತರಣೆ ಪಡೆಯುತ್ತ ಬಂದಿದೆ. ಹಾಗಾಗಿ ಅರ್ಜಿ ಹಾಕುವ ದಿನ ಯಾವ ದರ, ಯಾವ ಗಡುವು ಚಾಲ್ತಿಯಲ್ಲಿದೆ ಎಂದು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಕೇಳುವಾಗ ಎರಡೂ ಯೋಜನೆಗಳ ಹೆಸರು ಹೇಳಿಯೇ ಕೇಳಬೇಕು.

ಈಗ ಲೆಕ್ಕಕ್ಕೆ ಬರೋಣ. ತಿಂಗಳಿಗೆ 13,000 ರೂಪಾಯಿಯ ಅದೇ ಟೈಲರನ್ನು ತೆಗೆದುಕೊಳ್ಳಿ. ಆರು ವರ್ಷ ಸರ್ವೀಸ್ ಆಗಿದೆ. ಅಟಲ್ ಯೋಜನೆಯಲ್ಲಿ ಹಿಂದಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷಗಳ, ಒಟ್ಟು ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ. ಎರಡು ವರ್ಷದ ಗಳಿಕೆ 3,12,000; ದಿನಕ್ಕೆ 427 ರೂಪಾಯಿ; ಅದರ ಅರ್ಧ 213 ರೂಪಾಯಿ ಚಿಲ್ಲರೆ; 90 ದಿನಕ್ಕೆ ಸುಮಾರು 19,200 ರೂಪಾಯಿ. ಅದೇ ಹೆಂಗಸನ್ನು ರಿಟ್ರೆಂಚ್ ಮಾಡಲಾಗಿದೆ ಎಂದು ದಾಖಲೆಯಾದರೆ, ಹಳೆಯ ಯೋಜನೆಯ ಪ್ರಕಾರ ಮೊದಲ ವರ್ಷಕ್ಕೆ ಸುಮಾರು 78,000, ಎರಡನೆಯ ವರ್ಷಕ್ಕೆ 39,000, ಒಟ್ಟು 1,17,000 ರೂಪಾಯಿವರೆಗೆ ಸಿಗಬಹುದು. ಇದರ ಮೇಲೆ ಮಾಲೀಕರು ಕೊಡಬೇಕಾದ ರಿಟ್ರೆಂಚ್‌ಮೆಂಟ್ ಪರಿಹಾರ ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ. ಇನ್ನು, ಅವಳು ‘ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ’ ಎಂದು ಬರೆದುಕೊಟ್ಟಿದ್ದರೆ? ಭತ್ಯೆ ಸೊನ್ನೆ, ಪರಿಹಾರವೂ ಸೊನ್ನೆ. ಹೆಂಗಸು ಅದೇ, ಹೊಲಿಗೆ ಮೆಷಿನ್ನೂ ಅದೇ, ಕೆಲಸ ಹೋದ ದಿನವೂ ಅದೇ. ಕಾಗದದ ಮೇಲೆ ಕಾರಣ ಬೇರೆ.

ಆ ಕಾಗದ ಹೇಗಿರುತ್ತದೆ ಎಂದು ಕಾರ್ಮಿಕರು ತೋರಿಸಿದ್ದನ್ನು ನೋಡಿದ್ದೇನೆ. ಕಂಪ್ಯೂಟರಿನಲ್ಲಿ ಮೊದಲೇ ಟೈಪ್ ಆದ ಅರ್ಧ ಪುಟ, ಇಂಗ್ಲಿಷಿನಲ್ಲಿ. ಹೆಸರು, ಟೋಕನ್ ನಂಬರ್, ತಾರೀಖು ತುಂಬಲು ಖಾಲಿ ಜಾಗ. ಉಳಿದದ್ದೆಲ್ಲ ಸಿದ್ಧ: ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಮನೆಯ ತೊಂದರೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ, ನನಗೆ ಬರಬೇಕಾದದ್ದೆಲ್ಲ ಬಂದಿದೆ. ಕೊನೆಯ ಸಾಲನ್ನು ಗಮನಿಸಿ. ಒಂದು ರೂಪಾಯಿಯೂ ಕೈಗೆ ಬರುವ ಮೊದಲೇ ಎಲ್ಲವೂ ಬಂದಿದೆ ಎಂದು ಬರೆಸಿಕೊಳ್ಳುತ್ತಾರೆ.

ಕೋಣೆಯಲ್ಲಿ ನಡೆಯುವ ಮಾತು ಕಾರ್ಖಾನೆ ಬದಲಾದರೂ ಹೆಚ್ಚು ಬದಲಾಗುವುದಿಲ್ಲ.

‘ನೋಡಮ್ಮ, ಇಲ್ಲೊಂದು ಸೈನ್ ಹಾಕಿಬಿಡು. ನಾಳೆನೇ ಲೆಕ್ಕ ಚುಕ್ತಾ ಮಾಡಿಸ್ತೀನಿ.’

‘ಇದ್ರಲ್ಲಿ ಏನ್ ಬರ್ದಿದೆ ಸಾರ್?’

‘ಎಲ್ರೂ ಹಾಕೋದೇ ಇದು. ಹಾಕಲ್ಲ ಅಂದ್ರೆ ಡಿಸ್‌ಮಿಸ್ ಅಂತ ಬರೀಬೇಕಾಗುತ್ತೆ. ಆಮೇಲೆ ನಿಂಗೆ ಬೇರೆ ಕಡೆ ಎಲ್ಲೂ ಕೆಲ್ಸ ಸಿಗಲ್ಲ, ಯೋಚ್ನೆ ಮಾಡು.’

ಈ ಬೆದರಿಕೆ ಕೆಲಸ ಮಾಡುವುದಕ್ಕೆ ಕಾರಣ, ಎದುರಿಗಿರುವವಳಿಗೆ ಕೆಲಸದಿಂದ ತೆಗೆಯುವುದಕ್ಕೂ ಡಿಸ್‌ಮಿಸ್ ಮಾಡುವುದಕ್ಕೂ ಕಾನೂನಿನಲ್ಲಿ ಇರುವ ಅಂತರ ಗೊತ್ತಿಲ್ಲದಿರುವುದು. ಹೇಳುವವನಿಗೆ ಚೆನ್ನಾಗಿ ಗೊತ್ತು. ದುರ್ನಡತೆಗಾಗಿ ಡಿಸ್‌ಮಿಸ್ ಮಾಡುವುದು ಒಂದು ಶಿಕ್ಷೆ; ಶಿಕ್ಷೆ ಕೊಡಬೇಕಾದರೆ ಆರೋಪಪಟ್ಟಿ ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ಡೊಮೆಸ್ಟಿಕ್ ಎನ್‌ಕ್ವೈರಿ ನಡೆಸಬೇಕು, ಸಾಕ್ಷಿಗಳನ್ನು ಪ್ರಶ್ನಿಸಲು ಬಿಡಬೇಕು. ಮಧ್ಯಾಹ್ನದ ಊಟದ ಬೆಲ್ಲಿಗೂ ಸಂಜೆಯ ಬೆಲ್ಲಿಗೂ ನಡುವೆ ಮುಗಿಯುವ ಕೆಲಸವಲ್ಲ ಅದು. ಅದಕ್ಕೇ ರಾಜೀನಾಮೆ ಬೇಕಾಗುತ್ತದೆ.

ಕಾನೂನಿನ ಈ ಭಾಗ ಸ್ವಲ್ಪ ನಿಧಾನವಾಗಿ ಓದಬೇಕಾದದ್ದು, ಏಕೆಂದರೆ ಇಲ್ಲಿ ಕಾರ್ಮಿಕರ ಪರವಾಗಿ ಬಹಳವಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ರಿಟ್ರೆಂಚ್‌ಮೆಂಟ್ ಅನ್ನು ವಿವರಿಸುವಾಗ, ಶಿಸ್ತುಕ್ರಮದ ಶಿಕ್ಷೆಯಲ್ಲದೆ ಬೇರೆ ಯಾವುದೇ ಕಾರಣಕ್ಕೆ ಮಾಲೀಕರು ಕೆಲಸದಿಂದ ತೆಗೆಯುವುದು ಎಂದಿತು. ಸ್ವಯಂನಿವೃತ್ತಿ, ವಯೋನಿವೃತ್ತಿ, ಕರಾರಿನ ಅವಧಿ ಮುಗಿಯುವುದು, ದೀರ್ಘ ಅನಾರೋಗ್ಯ ಇವು ಹೊರತು. ‘ಯಾವುದೇ ಕಾರಣ’ ಎಂದರೆ ನಿಜಕ್ಕೂ ಯಾವುದೇ ಕಾರಣ ಎಂದು 1976ರಲ್ಲಿ ಸುಂದರ ಮನಿ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಂದರೆ ಆರ್ಡರ್ ಕಡಿಮೆಯಾಯಿತು, ಲೈನ್ ಮುಚ್ಚಿದೆವು, ನೀನು ನಿಧಾನ, ನಿನ್ನ ಬದಲು ಬೇರೆಯವರು ಬೇಕು ಎಂದು ತೆಗೆದರೂ, ಒಂದು ವರ್ಷದಲ್ಲಿ 240 ದಿನ ದುಡಿದಿದ್ದರೆ, ನೋಟಿಸ್ ಮತ್ತು ಪರಿಹಾರ ಕೊಡಲೇಬೇಕು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವಿವರಣೆಯ ತಿರುಳು ಉಳಿದಿದೆ, ಹದಿನೈದು ದಿನದ ಲೆಕ್ಕವೂ ಉಳಿದಿದೆ. ನಿಗದಿತ ಅವಧಿಯ ನೌಕರಿ ಮುಗಿಯುವುದು ಮಾತ್ರ ಹೊರತಾದವುಗಳ ಪಟ್ಟಿಗೆ ಸೇರಿದೆ. ಹೊಸದಾಗಿ ಒಂದು ಮರುಕೌಶಲ ನಿಧಿ ಬಂದಿದೆ: ರಿಟ್ರೆಂಚ್ ಆದವರ ಹೆಸರಿನಲ್ಲಿ ಮಾಲೀಕರು ಇನ್ನೂ ಹದಿನೈದು ದಿನದ ಸಂಬಳ ಕಟ್ಟಬೇಕು, 45 ದಿನದೊಳಗೆ ಅದು ಕಾರ್ಮಿಕರ ಖಾತೆಗೆ ಬರಬೇಕು. ವೇತನ ಸಂಹಿತೆಯ ಪ್ರಕಾರ ತೆಗೆದರೂ ಬಿಟ್ಟರೂ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಆದ್ದರಿಂದ ‘ಸೈನ್ ಹಾಕಿದರೆ ನಾಳೆ ದುಡ್ಡು’ ಎಂಬುದು ಕಂಪನಿಯ ಔದಾರ್ಯವೇನಲ್ಲ. ಸಹಿ ಇಲ್ಲದೆಯೂ ಆ ದುಡ್ಡು ಬರಲೇಬೇಕು.

ಕೈಗಾರಿಕಾ ಸಂಬಂಧಗಳ ಸಂಹಿತೆ ಒಂದು ಕಡೆ ಕಿತ್ತುಕೊಂಡೂ ಇದೆ. ಮೊದಲು ನೂರು ಕಾರ್ಮಿಕರಿದ್ದ ಕಾರ್ಖಾನೆ ರಿಟ್ರೆಂಚ್‌ಮೆಂಟಿಗಾಗಲಿ ಮುಚ್ಚುವುದಕ್ಕಾಗಲಿ ಸರ್ಕಾರದ ಅನುಮತಿ ಪಡೆಯಬೇಕಿತ್ತು, ಈಗ ಆ ಸಂಖ್ಯೆ ಮುನ್ನೂರು. ಈ ಅನುಮತಿ ಎಷ್ಟು ಮುಖ್ಯ ಎಂಬುದು 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಕಂಡಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಜನರನ್ನು ಒಮ್ಮೆಲೇ ಹೊರಗಿಟ್ಟಾಗ ಹೆಂಗಸರು ವಾರಗಟ್ಟಲೆ ಕಾರ್ಖಾನೆಯ ಆವರಣದಲ್ಲಿ ಕೂತರು. ಸರ್ಕಾರದ ಅನುಮತಿ ಪಡೆದಿಲ್ಲ ಎಂಬುದೇ ಅವರ ವಾದದ ಬೆನ್ನೆಲುಬು. ಇನ್ನೂರೈವತ್ತು ಜನರ ಕಾರ್ಖಾನೆಯಲ್ಲಿ ಇಂದು ಆ ವಾದ ಇಲ್ಲ.

ಕಾಗದದ ಮೇಲೆ ಬರೆಯುವ ಇನ್ನೊಂದು ಬಗೆಯ ಕಾರಣವಿದೆ, ಅದು ಹೆಚ್ಚು ಮೋಸದ್ದು: ‘ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು’. ಅಟಲ್ ಯೋಜನೆಯಲ್ಲಿ ತಾವಾಗಿ ಕೆಲಸ ತೊರೆದವರಿಗೆ ಭತ್ಯೆಯಿಲ್ಲ. ದುರ್ನಡತೆಯ ಶಿಕ್ಷೆಯಾದವರಿಗೆ, ಸ್ವಯಂನಿವೃತ್ತರಿಗೆ, ಕಾನೂನುಬಾಹಿರ ಮುಷ್ಕರದಲ್ಲಿದ್ದವರಿಗೆ ಇಲ್ಲದ ಹಾಗೆಯೇ. ಗೇಟಿನಲ್ಲಿ ಸೆಕ್ಯುರಿಟಿ ಒಳಗೆ ಬಿಡುವುದಿಲ್ಲ, ಹತ್ತು ದಿನ ಕಳೆದ ಮೇಲೆ ‘ಗೈರುಹಾಜರಿ’ ಎಂದು ಮನೆಗೆ ನೋಟಿಸ್ ಬರುತ್ತದೆ. ಅದಕ್ಕೆ ಉತ್ತರ ಕೊಡದಿದ್ದರೆ ಕಾರ್ಮಿಕರೇ ಕೆಲಸ ಬಿಟ್ಟರೆಂದು ಕಡತ ಮುಚ್ಚುತ್ತದೆ. 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿ ಹೋಗುತ್ತದೆ ಎಂಬ ಸ್ಥಾಯಿ ಆದೇಶವನ್ನು ಕಂಪನಿ ಮುಂದಿಟ್ಟಿತು. ತಾನು ಹೋದರೂ ಗೇಟಿನೊಳಗೆ ಬಿಡಲಿಲ್ಲ ಎಂದು ಕಾರ್ಮಿಕ ಹೇಳಿದ. ವಿಚಾರಣೆಯಿಲ್ಲದೆ ಒಬ್ಬರ ಜೀವನೋಪಾಯ ಕಸಿಯುವಂತಿಲ್ಲ ಎಂದ ಸುಪ್ರೀಂ ಕೋರ್ಟ್ ಅವರನ್ನು ಅರ್ಧ ಹಿಂಬಾಕಿ ಸಂಬಳದೊಂದಿಗೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತು. ಹಾಗಾಗಿ ಗೇಟಿನಲ್ಲಿ ತಡೆದ ದಿನವೇ ‘ಕೆಲಸಕ್ಕೆ ಬಂದಿದ್ದೇನೆ, ಒಳಗೆ ಬಿಡುತ್ತಿಲ್ಲ’ ಎಂದು ನಾಲ್ಕು ಸಾಲು ಬರೆದು ಅಂಚೆ ಕಚೇರಿಯಿಂದ ಅಕ್ನಾಲೆಡ್ಜ್‌ಮೆಂಟ್ ಸಮೇತ ಕಂಪನಿಗೆ ಕಳಿಸಬೇಕು, ಒಂದು ಪ್ರತಿ ಲೇಬರ್ ಆಫೀಸರಿಗೆ. ಕನ್ನಡದಲ್ಲಿ ಬರೆದರೆ ಸಾಕು, ವಕೀಲರೂ ಬೇಡ. ಮುಂದೆ ಎಷ್ಟೇ ದೂರ ಹೋದರೂ ಆ ರಸೀದಿ ಕಾರ್ಮಿಕರ ಕೈಯಲ್ಲಿರುವ ಅತಿ ಬಲವಾದ ಕಾಗದ.

ಈಗಾಗಲೇ ರಾಜೀನಾಮೆಗೆ ಸಹಿ ಹಾಕಿದವರು? ಕಂಪನಿ ಅದನ್ನು ಅಂಗೀಕರಿಸುವ ಮೊದಲು ಹಿಂದಕ್ಕೆ ತೆಗೆದುಕೊಳ್ಳಲು ಅವಕಾಶವಿದೆ. ಒತ್ತಾಯದಿಂದ ಬರೆಸಿಕೊಂಡರೆಂದು ಆ ದಿನವೇ, ಹೆಚ್ಚೆಂದರೆ ಮರುದಿನ, ಬರಹದಲ್ಲಿ ತಿಳಿಸಬೇಕು. ಆರು ತಿಂಗಳ ನಂತರ ಹೇಳುವ ಒತ್ತಾಯವನ್ನು ಯಾರೂ ಸುಲಭವಾಗಿ ನಂಬುವುದಿಲ್ಲ, ಅದನ್ನು ಸಾಬೀತು ಮಾಡುವ ಹೊರೆ ಕಾರ್ಮಿಕರ ಮೇಲೇ ಬೀಳುತ್ತದೆ.

ನಿಜಕ್ಕೂ ದುರ್ನಡತೆಯ ಆರೋಪದ ಮೇಲೆ ತೆಗೆದರೆ ದಾರಿ ಬೇರೆ. ವಿಚಾರಣೆಗೆ ಹಾಜರಾಗಬೇಕು, ತಪ್ಪಿಸಿಕೊಳ್ಳಬಾರದು. ವಿಚಾರಣೆ ನಡೆಯುವವರೆಗೆ ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳವನ್ನು ಜೀವನಾಧಾರ ಭತ್ಯೆಯಾಗಿ ಕೊಡಬೇಕು. ವಜಾ ಆದ ಒಬ್ಬೊಬ್ಬ ಕಾರ್ಮಿಕರ ಅಳಲೂ ಕಾನೂನಿನ ಕಣ್ಣಲ್ಲಿ ಕೈಗಾರಿಕಾ ವಿವಾದವೇ. ಯೂನಿಯನ್ ಬೆನ್ನಿಗಿಲ್ಲದಿದ್ದರೂ ಸಂಧಾನಾಧಿಕಾರಿಯ ಬಳಿ ಹೋಗಬಹುದು, 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನ್ಯಾಯಮಂಡಳಿಗೆ ನೇರವಾಗಿ ಅರ್ಜಿ ಹಾಕಬಹುದು. ಹಿಂದೆ ಇದಕ್ಕೆ ಮೂರು ವರ್ಷದ ಅವಕಾಶವಿತ್ತು, ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎರಡಕ್ಕೆ ಇಳಿಸಿದೆ. ಮಹಿಳೆಯರಿಗೆ ಮತ್ತು ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ; ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಇನ್ನು ಗ್ರ್ಯಾಚುಟಿ. ಡಿಸ್‌ಮಿಸ್ ಆದರೆ ಅದೂ ಹೋಯಿತು ಎಂದು ಹೆದರಿಸುವುದುಂಟು. ನಷ್ಟ ಮಾಡಿದ್ದರೆ ಆ ನಷ್ಟದಷ್ಟು, ಹೊಡೆದಾಟ ಹಿಂಸೆ ಅಥವಾ ಕೆಲಸದ ಸಂದರ್ಭದಲ್ಲಿ ನೈತಿಕ ಅಧಃಪತನದ ಅಪರಾಧವಾಗಿದ್ದರೆ ಪೂರ್ತಿಯಾಗಿ ಅಥವಾ ಭಾಗಶಃ ಮುಟ್ಟುಗೋಲು ಹಾಕಲು ಮಾತ್ರ ಅವಕಾಶ. ಉಳಿದಂತೆ, ಐದು ವರ್ಷ ಪೂರೈಸಿದವರ ಗ್ರ್ಯಾಚುಟಿಯನ್ನು ರಾಜೀನಾಮೆ ಕೊಟ್ಟರೂ ತೆಗೆದುಹಾಕಿದರೂ ಕೊಡಲೇಬೇಕು. ನಮ್ಮ ಟೈಲರಿನ ಆರು ವರ್ಷಕ್ಕೆ ಅದು 45,000 ರೂಪಾಯಿ.

ಭತ್ಯೆಯ ಅರ್ಜಿಯ ವಿಷಯವಾಗಿ ಹೇಳುವುದಾದರೆ, ಎಡವುವುದು ಹೆಚ್ಚಾಗಿ ಹಳೆಯ ದಾಖಲೆಗಳಲ್ಲಿ. ಇಎಸ್‌ಐ ಪೋರ್ಟಲ್ಲಿನಲ್ಲಿ ಅರ್ಜಿ ತುಂಬಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಅಪ್‌ಲೋಡ್ ಮಾಡಬೇಕು. ಆಗದಿದ್ದರೆ ಪ್ರಿಂಟ್ ತೆಗೆದು ಸಹಿ ಮಾಡಿ ಶಾಖಾ ಕಚೇರಿಗೆ ಕೊಡಬಹುದು. ಛಾಪಾ ಕಾಗದದ ಅಫಿಡವಿಟ್ ಬೇಕೆಂಬ ನಿಯಮವನ್ನು 2020ರಲ್ಲೇ ಕೈಬಿಟ್ಟಿದ್ದಾರೆ, ಯಾರಾದರೂ ಕೇಳಿದರೆ ಇದನ್ನು ಹೇಳಿ. ಕೆಲಸ ಹೋಗುವ ಮುಂಚೆ ಎರಡು ವರ್ಷ ವಿಮೆಗೆ ಒಳಪಟ್ಟ ನೌಕರಿಯಲ್ಲಿರಬೇಕು. ಕೊನೆಯ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಸಂದಿರಬೇಕು. ವಂತಿಗೆ ಅವಧಿ ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್.

ತೊಡಕು ಬರುವುದು ಇಲ್ಲೇ. ಇಎಸ್‌ಐ ನಂಬರ್ ಜೀವನಕ್ಕೆಲ್ಲ ಒಂದೇ ಇರಬೇಕು. ಆದರೆ ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರಿದಾಗ, ಹಳೆಯ ನಂಬರ್ ಕೇಳುವ ಗೋಜಿಗೆ ಹೋಗದೆ ಹೊಸದೊಂದನ್ನು ಮಾಡಿಸಿಬಿಡುತ್ತಾರೆ. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಒಂದರಲ್ಲಿ ತಂದೆಯ ಹೆಸರು, ಮದುವೆಯಾದ ಮೇಲಿನದರಲ್ಲಿ ಗಂಡನ ಹೆಸರು. ಹತ್ತು ವರ್ಷ ದುಡಿದವಳು ಕಂಪ್ಯೂಟರಿನಲ್ಲಿ ಎರಡು ಮೂರು ಜನರಾಗಿ ಹರಿದುಹೋಗಿರುತ್ತಾಳೆ, ಆ ಯಾರೊಬ್ಬರಿಗೂ ಎರಡು ವರ್ಷ ತುಂಬಿರುವುದಿಲ್ಲ. ಕೆಲಸ ಇರುವಾಗಲೇ ಇದನ್ನು ಸರಿಪಡಿಸಿಕೊಳ್ಳಬೇಕು, ಆಗ ಎಚ್‌ಆರ್‌ನವರ ಒಂದು ಪತ್ರದಿಂದ ಆಗುವ ಕೆಲಸ. ಬೆಂಗಳೂರಿನಲ್ಲಿ ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿಯವರೆಗೆ ಅಲೆಯುವುದು ತಪ್ಪುತ್ತದೆ. ಪೇ ಸ್ಲಿಪ್ಪುಗಳನ್ನು ಎಸೆಯಬಾರದು. ಹಾಜರಿ ಕಾರ್ಡು, ನೇಮಕಾತಿ ಪತ್ರ, ಸಂಬಳ ಬಂದ ಬ್ಯಾಂಕಿನ ಸಾಲುಗಳು, ತೆಗೆದುಹಾಕಿದ್ದನ್ನು ಸೂಪರ್‌ವೈಸರ್ ತಿಳಿಸಿದ ವಾಟ್ಸ್ಆ್ಯಪ್ ಮೆಸೇಜು ಎಲ್ಲವೂ ಸಾಕ್ಷಿಯೇ.

ಈ ವ್ಯವಸ್ಥೆಯ ಹೊರಗಿರುವವರು ಬಹಳ. ಸಂಬಳದ ಮಿತಿ ದಾಟಿದ ಯಾರಿಗೂ ಇದಿಲ್ಲ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಯಲ್ಲಿ ಬೆಳಿಗ್ಗೆ ಲ್ಯಾಪ್‌ಟಾಪ್ ಲಾಕ್ ಆಗಿ ಕೆಲಸ ಹೋದದ್ದು ತಿಳಿಯುವ ಹುಡುಗನಿಗೆ ಸರ್ಕಾರದಿಂದ ಬರುವ ನಿರುದ್ಯೋಗ ಭತ್ಯೆ ಏನೂ ಇಲ್ಲ. ಅವನ ಕೈಯಲ್ಲೂ ರಾಜೀನಾಮೆಯನ್ನೇ ಬರೆಸುತ್ತಾರೆ. ಕರ್ನಾಟಕದ ಯುವನಿಧಿಯನ್ನು ಕೆಲವರು ಇದಕ್ಕೆ ಉತ್ತರವೆಂದುಕೊಳ್ಳುತ್ತಾರೆ. ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ ಕೊಡುವ ಆ ಯೋಜನೆ ಓದು ಮುಗಿಸಿ ಕೆಲಸ ಸಿಗದವರದ್ದು, ಇದ್ದ ಕೆಲಸ ಹೋದವರದ್ದಲ್ಲ. ಮನೆಗೆಲಸದವರು, ಸಣ್ಣ ಹೋಟೆಲಿನ ಸಪ್ಲೈಯರುಗಳು, ಡೆಲಿವರಿ ಹುಡುಗರು ಕೆಲಸ ಹೋದ ದಿನವೇ ಬೇರೆ ಕೆಲಸ ಹುಡುಕಬೇಕು. ನಿರುದ್ಯೋಗದ ಸಂದರ್ಭದಲ್ಲಿ ಸಾರ್ವಜನಿಕ ನೆರವಿನ ಹಕ್ಕಿಗೆ ಸರ್ಕಾರ ತನ್ನ ಆರ್ಥಿಕ ಶಕ್ತಿಯೊಳಗೆ ಏರ್ಪಾಡು ಮಾಡಬೇಕು ಎಂದು ಸಂವಿಧಾನದ 41ನೇ ವಿಧಿ ಹೇಳಿ ಮುಕ್ಕಾಲು ಶತಮಾನ ಆಯಿತು.

ಹೊರದೇಶಗಳಲ್ಲೂ ಭತ್ಯೆ ನಿಂತಿರುವುದು ಕಾರಣದ ಮೇಲೆಯೇ. ಅಮೆರಿಕದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ ಬೆಳೆದ ವ್ಯವಸ್ಥೆ ಬಹುತೇಕ ರಾಜ್ಯಗಳಲ್ಲಿ 26 ವಾರಗಳವರೆಗೆ ಭತ್ಯೆ ಕೊಡುತ್ತದೆ. ಅಲ್ಲೂ ದುರ್ನಡತೆಗೆ ಕೆಲಸ ಹೋದವರಿಗೆ ಇಲ್ಲ. ಆದರೆ ಕೆಲಸ ಚೆನ್ನಾಗಿ ಬಾರದಿರುವುದು ಸಾಮಾನ್ಯವಾಗಿ ದುರ್ನಡತೆ ಎನಿಸುವುದಿಲ್ಲ, ದುರ್ನಡತೆ ಎಂದು ಹೇಳುವ ಮಾಲೀಕರೇ ಅದನ್ನು ತೋರಿಸಿಕೊಡಬೇಕು. ಭತ್ಯೆ ನಿರಾಕರಿಸಿದರೆ ವಿಚಾರಣಾಧಿಕಾರಿಯ ಮುಂದೆ ಮೇಲ್ಮನವಿ ಹಾಕಬಹುದು. ಇಎಸ್‌ಐ ಕೂಡ ಅಷ್ಟನ್ನು ಮಾಡಬಹುದು. ಮಾಲೀಕರು ಬರೆದ ಕಾರಣವನ್ನು ಕಾರ್ಮಿಕರ ಫೋನಿಗೆ ಕನ್ನಡದಲ್ಲಿ ಕಳಿಸಲಿ, ಒಪ್ಪದಿದ್ದರೆ ಅಲ್ಲೇ ತಕರಾರು ದಾಖಲಿಸಲು ಬಿಡಲಿ, ದುರ್ನಡತೆ ಎಂದು ಬರೆದವರು ವಿಚಾರಣೆಯ ಕಡತ ಹಾಜರುಪಡಿಸಲಿ. ಜೀವಮಾನಕ್ಕೆ 90 ದಿನ ಎಂಬ ಮಿತಿಯಂತೂ ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಮೂವತ್ತು ವರ್ಷ ವಂತಿಗೆ ಕಟ್ಟುವವರ ಕೆಲಸ ಒಂದೇ ಸಲ ಹೋಗುತ್ತದೆ ಎಂದು ಯಾರು ಹೇಳಿದರು?

ಬಸುರಿ ಹೆಂಗಸರಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅವರಿಗೆ ಕೈತಪ್ಪುವುದೂ ದೊಡ್ಡ ಮೊತ್ತವೇ. ಹೊಟ್ಟೆ ಕಾಣಿಸಿಕೊಳ್ಳುತ್ತಿದ್ದಂತೆ ‘ಹೆರಿಗೆಯಾದ ಮೇಲೆ ಬಾಮ್ಮ, ಸೇರಿಸಿಕೊಳ್ತೀವಿ’ ಎಂದು ರಾಜೀನಾಮೆ ಬರೆಸಿ ಕಳಿಸುವುದು ಇದೆ. ಕೆಲಸದ ಜೊತೆ ಇಎಸ್‌ಐ ಕಾರ್ಡೂ ಸತ್ತಿತು ಎಂದುಕೊಂಡು ಅವರು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಾಲ ಮಾಡಿ ಹೆರಿಗೆ ಮಾಡಿಸಿಕೊಳ್ಳುತ್ತಾರೆ. ಕಾರ್ಡು ಸತ್ತಿರುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ ಸಲ್ಲುತ್ತದೆ; ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ಸೆಪ್ಟೆಂಬರ್ ಕೊನೆಯಲ್ಲಿ ಕೆಲಸ ಬಿಡಿಸಿಕೊಂಡವಳಿಗೆ ಫೆಬ್ರವರಿಯಲ್ಲಿ ಹೆರಿಗೆಯಾದರೆ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇದ್ದರೆ, ಮೊದಲೆರಡು ಹೆರಿಗೆಗಳಿಗೆ 26 ವಾರದ ಪೂರ್ತಿ ಸಂಬಳ ವಿಮೆಯಿಂದಲೇ ಬರುತ್ತದೆ. ಕೆಲಸದಲ್ಲಿರಲೇಬೇಕು ಎಂದೇನಿಲ್ಲ. ತಿಂಗಳಿಗೆ 13,000ದ ಲೆಕ್ಕದಲ್ಲಿ ಅದು 78,000 ರೂಪಾಯಿ. ಡಿಸ್ಪೆನ್ಸರಿಯ ವೈದ್ಯರಿಂದ ಬಸಿರಿನ ಸರ್ಟಿಫಿಕೇಟ್ ಪಡೆದು, ಹಳೆಯ ಇಎಸ್‌ಐ ನಂಬರ್ ಮತ್ತು ಪಾಸ್‌ಬುಕ್ ಹಿಡಿದು ಶಾಖಾ ಕಚೇರಿಗೆ ಹೋಗಬೇಕು. ಹಳೆಯ ಮಾಲೀಕರ ಮುಖ ನೋಡಬೇಕಾದ ಪ್ರಮೇಯವೇ ಇಲ್ಲ.